ಭಂಗಾರ, ಬಂಗಾರ: ಗಡಿ ತಾಲೂಕುಗಳ ಹಳೆಯ ಗಾಡಿಗಳು

ಕರ್ನಾಟಕ-ಮಹಾರಾಷ್ಟ್ರ ಗಡಿಭಾಗದ ಕನ್ನಡದಲ್ಲಿ ಗುಜರಿ ಸಾಮಾನಿಗೆ ‘ಭಂಗಾರ’ ಎನ್ನುತ್ತಾರೆ. ಮರಾಠಿಯಿಂದ ಬಂದ ಮಾತು. ಚಿನ್ನಕ್ಕೆ ಎಲ್ಲ ಕನ್ನಡಿಗರಂತೆ ‘ಬಂಗಾರ’. ಎರಡರ ನಡುವೆ ಇರುವುದು ಒಂದು ಮಹಾಪ್ರಾಣ, ಅದೂ ಬಾಯಿಮಾತಿನಲ್ಲಿ ಅರ್ಧ ನುಂಗಿಹೋಗುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಹಳೆಯ ಜೀಪು, ಲಾರಿ, ಟ್ರ್ಯಾಕ್ಟರ್, ಕಾರುಗಳ ವ್ಯವಹಾರ ನಡೆಯುವುದು ಈ ಒಂದಕ್ಷರದ ಅಂತರದಲ್ಲಿ. ತೂಕಕ್ಕೆ ಹೋಗಬೇಕಾದ ಗಾಡಿಯನ್ನು ಗೆಳೆಯನೊಬ್ಬ ಎಳೆದು ತರುತ್ತಾನೆ, ಇನ್ನೊಬ್ಬ ಎಂಜಿನ್ ಬಿಚ್ಚುತ್ತಾನೆ, ಮೂರನೆಯವನು ಎರಡು ವರ್ಷ ಓಡಿಸಿ ನಾಲ್ಕನೆಯವನಿಗೆ ಕೊಡುತ್ತಾನೆ.

ನಗರದ ವಿಂಟೇಜ್ ಕಾರು ಕ್ಲಬ್ಬಿನವರ ಲೆಕ್ಕದಲ್ಲಿ ಇದು ಸಂಗ್ರಹವೂ ಅಲ್ಲ, ಹವ್ಯಾಸವೂ ಅಲ್ಲ. ಇಲ್ಲಿ ಹಳೆಯ ಗಾಡಿ ಉಳಿದಿರುವುದು ಅದಕ್ಕೆ ಇನ್ನೂ ಕೆಲಸ ಇರುವುದರಿಂದ. ಎತ್ತಿನ ವ್ಯಾಪಾರದ ರೀತಿನೀತಿ ಗಾಡಿಯ ವ್ಯಾಪಾರಕ್ಕೂ ಇಳಿದು ಬಂದಿರುವುದಕ್ಕೆ ಅದೇ ಕಾರಣ.

ಯಾವ ಪಾಸಿಂಗ್?

ಈ ಭಾಗದಲ್ಲಿ ಹಳೆಯ ಗಾಡಿ ಮಾರುವುದಿದೆ ಎಂದರೆ ಬೆಲೆಗಿಂತ ಮೊದಲು ಕೇಳುವುದು ‘ಯಾವ ಪಾಸಿಂಗ್ ಐತಿ?’ ಎಂದು. ಪಾಸಿಂಗ್ ಅಂದರೆ ನೋಂದಣಿ. ಚಿಕ್ಕೋಡಿಯ ಕೆಎ-23, ಬೆಳಗಾವಿಯ ಕೆಎ-22 ಒಂದು ಕಡೆ. ಕೊಲ್ಲಾಪುರದ ಎಂಎಚ್-09, ಸಾಂಗಲಿಯ ಎಂಎಚ್-10 ಇನ್ನೊಂದು ಕಡೆ. ಕಾಗವಾಡದವರಿಗೆ ಬೆಳಗಾವಿಗಿಂತ ಮೀರಜ್ ಎಷ್ಟೋ ಹತ್ತಿರ. ನಿಪ್ಪಾಣಿಯವರಿಗೆ ಪಿ.ಬಿ. ರೋಡ್, ಅಂದರೆ ಪುಣೆ-ಬೆಂಗಳೂರು ರಸ್ತೆ, ಹಿಡಿದರೆ ಕೊಲ್ಲಾಪುರ ಒಂದು ತಾಸಿನ ದಾರಿ. ಬೀಗರು, ಗೆಳೆಯರು, ಮಿಸ್ತ್ರಿಗಳು ಗಡಿಯ ಎರಡೂ ಕಡೆ ಹಂಚಿಹೋಗಿರುವಾಗ ಗಾಡಿಗಳೂ ಆಚೀಚೆ ಹೋಗಿಬರುತ್ತವೆ. ಕಾಗದಪತ್ರ ಮಾತ್ರ ಅಷ್ಟು ಸಲೀಸಾಗಿ ಗಡಿ ದಾಟುವುದಿಲ್ಲ.

ನಂಬರ್ ಪ್ಲೇಟು ಓದಲು ಬಂದರೆ ಈ ನಾಡಿನ ಅರ್ಧ ಚರಿತ್ರೆ ಓದಿದಂತೆ. ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ರಾಯಬಾಗವಂತೂ ಸ್ವಾತಂತ್ರ್ಯದ ಹೊತ್ತಿಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದ ಊರು. ಮುಂಬಯಿ ರಾಜ್ಯದ ಎಷ್ಟೋ ನಂಬರುಗಳು ‘ಬಿಎಂ’ ಎಂದು, ಮೈಸೂರು ರಾಜ್ಯದವು ‘ಎಂವೈ’ ಎಂದು ಶುರುವಾಗುತ್ತಿದ್ದವು. ಈಗಿನ ಕೆಎ, ಎಂಎಚ್ ಸಾಲುಗಳು ಬಂದದ್ದು 1988ರ ಮೋಟಾರು ವಾಹನ ಕಾಯ್ದೆಯ ಜೊತೆಗೆ. ಅದು ಜಾರಿಯಾದದ್ದು 1989ರ ಜುಲೈ 1ರಂದು. ಅದಕ್ಕೂ ಹಿಂದಿನ ನಂಬರು ಇನ್ನೂ ಕಾಗದದಲ್ಲಿ ಜೀವಂತವಾಗಿದ್ದರೆ ಆ ಗಾಡಿಯ ಬೆಲೆಯೇ ಬೇರೆ.

ಗಾಡಿಗಳು ಬಂದ ದಾರಿ

ಜೀಪು ಇಲ್ಲಿಗೆ ಬಂದದ್ದು ಯುದ್ಧದಿಂದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಯುದ್ಧ ಮುಗಿದ ಮೇಲೆ ಭಾರತದಲ್ಲಿ ಉಳಿದವು ಲಿಲಾವಿಗೆ ಬಂದವು. ಹಳಬರ ಬಾಯಲ್ಲಿ ಅವು ‘ಡಿಸ್ಪೋಜಲ್ ಗಾಡಿ’. 1945ರಲ್ಲಿ ಹುಟ್ಟಿದ ಮಹೀಂದ್ರ ಕಂಪನಿ ಆ ದಶಕದ ಕೊನೆಗೆ ಮುಂಬಯಿಯಲ್ಲಿ ವಿಲ್ಲಿಸ್ ಜೀಪು ಜೋಡಿಸತೊಡಗಿತು. ಈ ಭಾಗದಲ್ಲಿ ಇಂದಿಗೂ ಹೆಚ್ಚು ಕೈಬದಲಾಗುವುದು ಆ ವಂಶದ ಗಾಡಿಗಳೇ: ಎತ್ತರದ ಬಾನೆಟ್ಟಿನ ಸಿಜೆ-3ಬಿ, ಆಮೇಲೆ ಬಂದ ಎಂಎಂ-540.

ಜೀಪು ಇಷ್ಟು ಕಾಲ ಬಾಳಿದ್ದಕ್ಕೆ ಅದರ ಗಟ್ಟಿತನವೇ ಕಾರಣ ಎನ್ನುತ್ತಾರೆ. ನನಗೆ ಕಾಣುವ ಕಾರಣ ಬೇರೆ: ಅದರ ತಗಡು ಹೆಚ್ಚೂಕಡಿಮೆ ಎಲ್ಲವೂ ಚಪ್ಪಟೆ. ಟ್ರಾಲಿ ಮಾಡುವ, ಕಿಟಕಿ ಗ್ರಿಲ್ ಮಾಡುವ ಯಾವ ವೆಲ್ಡಿಂಗ್ ಅಂಗಡಿಯವನಾದರೂ ಜೀಪಿನ ಪಕ್ಕೆ, ತಳ, ಮಡ್‌ಗಾರ್ಡ್ ಕತ್ತರಿಸಿ ಕೂರಿಸಬಲ್ಲ. ಅಂಬಾಸಿಡರಿನ ಉಬ್ಬಿದ ಮಡ್‌ಗಾರ್ಡಿಗೆ ಅಂಥ ಭಾಗ್ಯವಿಲ್ಲ. ಅದಕ್ಕೆ ಪತ್ರಾ ಬಡಿದು ಗುಂಡಗೆ ಮಾಡಬಲ್ಲ ಕೈ ಬೇಕು, ಅಂಥ ಕೈಗಳು ಈಗ ಕಡಿಮೆ.

ಲಾರಿಗಳ ಕಥೆ ಹೆದ್ದಾರಿಯದು ಮತ್ತು ಬೆಳೆಯದು. ನಿಪ್ಪಾಣಿಯ ಬೀಡಿ ತಂಬಾಕು ಪುಣೆ-ಬೆಂಗಳೂರು ರಸ್ತೆಯ ಮೇಲೆ ಹೊರಗೆ ಹೋಗಬೇಕಿತ್ತು, ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಒಳಗೆ ಬರಬೇಕಿತ್ತು. ಕಾಗವಾಡ ತಾಲೂಕಿನ ಉಗಾರದ ಸಕ್ಕರೆ ಕಂಪನಿ 1939ರಷ್ಟು ಹಳೆಯದು. ವಾಲಚಂದ್ ಹಿರಾಚಂದ್ ಕಟ್ಟಿದ ಪ್ರೀಮಿಯರ್ ಕಂಪನಿ ಅಮೆರಿಕದ ಕ್ರೈಸ್ಲರ್ ಜೊತೆಗೂಡಿ ಡಾಡ್ಜ್, ಫಾರ್ಗೋ ಲಾರಿಗಳನ್ನು ತಂದಿತು. ಅಶೋಕ್ ಮೋಟರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಟಾಟಾದವರು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡತೊಡಗಿದರು. 1969ರವರೆಗೆ ಆ ಲಾರಿಗಳ ಮೂತಿಯ ಮೇಲೆ ಬೆಂಜ್‌ನ ಮೂರು ಮೂಲೆಯ ನಕ್ಷತ್ರವಿರುತ್ತಿತ್ತು, ಆಮೇಲೆ ಅಲ್ಲಿ ಟಾಟಾದ ‘ಟಿ’ ಬಂತು. ಆದ್ದರಿಂದ ತವಂದಿ ಘಾಟು ಹತ್ತಿಳಿದ ಮುದುಕ ಡ್ರೈವರೊಬ್ಬ ‘ನಾ ಮರ್ಸಿಡಿಸ್ ಹೊಡದೇನಿ’ ಅಂದರೆ ನಗಬೇಡಿ, ನಿಜವನ್ನೇ ಹೇಳುತ್ತಿದ್ದಾನೆ.

ದಂಡಿನ ಊರಾದ ಬೆಳಗಾವಿ ಹತ್ತಿರವಿದ್ದುದರಿಂದ ಜಬಲ್ಪುರದಲ್ಲಿ ಸೈನ್ಯಕ್ಕಾಗಿ ಮಾಡಿದ ಜೋಂಗಾ, ಶಕ್ತಿಮಾನ್ ಗಾಡಿಗಳ ಹೆಸರು ಇಲ್ಲಿಯವರಿಗೆ ಹೊಸದಲ್ಲ. ಮೋಟಾರ್ ಸೈಕಲ್ಲುಗಳಲ್ಲಿ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ-ಯೆಜ್ಡಿಗೆ ಎಲ್ಲ ಕಡೆಯಂತೆ ಇಲ್ಲಿಯೂ ಹುಚ್ಚು ಅಭಿಮಾನಿಗಳಿದ್ದಾರೆ. ಅದರ ಬಗ್ಗೆ ಬೇಕಾದಷ್ಟು ಬರೆದಾಗಿದೆ.

ದನದ ಪೇಟೆಯ ರೀತಿ

ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಇಂದಿಗೂ ಎತ್ತಿನ ಗಾಡಿಗಳು ಬರುತ್ತವೆ. ಜಾತ್ರೆಯ ದನದ ಪೇಟೆಯಲ್ಲಿ ಕಿಲಾರಿ ಎತ್ತಿನ ವ್ಯಾಪಾರ ಹೇಗೆ ಕುದುರುತ್ತದೆ ಎಂಬುದನ್ನು ನೋಡಿದವರಿಗೆ ಜೀಪಿನ ವ್ಯಾಪಾರ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ದಲಾಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾನೆ, ಸುತ್ತ ನಿಂತವರಿಗೆ ಗೊತ್ತಾಗುವುದಿಲ್ಲ. ಇಲ್ಲಿ ಟವೆಲ್ಲು ಹೋಗಿದೆ, ಗುಟ್ಟು ಉಳಿದಿದೆ. ಚಹಾದ ಅಂಗಡಿಯಲ್ಲಿ ಕೂತ ಐದು ಜನರಲ್ಲಿ ನಿಜವಾದ ಬೆಲೆ ಗೊತ್ತಿರುವುದು ಇಬ್ಬರಿಗೆ.

ಎತ್ತಿನ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಗಾಡಿಗೂ ಅಷ್ಟೇ. ಬೆಳಿಗ್ಗೆ ತಣ್ಣಗಿರುವಾಗ ಚಾಲೂ ಮಾಡಿ ತೋರಿಸು ಎನ್ನುವುದು ಹಲ್ಲು ನೋಡಿದಂತೆ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ಎಂಥ ರೋಗವನ್ನೂ ಮುಚ್ಚಿಡುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ಹೊಗೆ ಎಷ್ಟು ಉಗುಳುತ್ತದೆ ಎಂದು ನೋಡುವುದು ಸುಳಿ ನೋಡಿದಂತೆ. ಆಮೇಲೆ ಚಾಸಿಯ ಮೇಲೆ ಕೊರೆದ ನಂಬರನ್ನು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಆರ್‌ಸಿಯ ನಂಬರಿನ ಜೊತೆ ಹೋಲಿಸುವುದು. ಎತ್ತಿಗೆ ಇಲ್ಲದ ಪರೀಕ್ಷೆ ಇದೊಂದೇ, ಹೆಚ್ಚು ಜನ ಬಿಟ್ಟುಬಿಡುವ ಪರೀಕ್ಷೆಯೂ ಇದೇ.

ಗೆಳೆಯರಲ್ಲಿ ಪೂರ್ತಿ ನಗದು ಕೊಟ್ಟು ಕೊಳ್ಳುವುದಕ್ಕಿಂತ ಅದಲಿ-ಬದಲಿ ಹೆಚ್ಚು. ‘ನನ್ನ ಜೀಪ್ ನೀ ಇಟ್ಕೋ, ನಿನ್ನ ಟ್ರಾಲಿ ನನಗ ಕೊಡು, ಮ್ಯಾಲ ಏನಾರ ಹಾಕು’ ಎಂಬಲ್ಲಿಂದ ಮಾತು ಶುರು. ಇಸಾರ ಎಂದು ಸ್ವಲ್ಪ ಹಣ ಕೈಗಿಟ್ಟರೆ ಮಾತು ಗಟ್ಟಿ. ಉಳಿದದ್ದಕ್ಕೆ ಗಡುವು ‘ಕಬ್ಬಿನ ಬಿಲ್ಲು ಬಂದ ಮ್ಯಾಲ’. ಕಬ್ಬು ಕೊಟ್ಟ 14 ದಿನಗಳಲ್ಲಿ ರೈತನಿಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ; ಬಿಲ್ಲು ತಡವಾದರೆ ಜೀಪಿನ ಬಾಕಿಯೂ ಅಷ್ಟೇ ತಡ. ಅದಕ್ಕೆ ಬಡ್ಡಿ ಕೇಳುವುದು ಗೆಳೆತನದಲ್ಲಿ ಹೇಸಿಗೆ ಎನಿಸುತ್ತದೆ, ಕೇಳದೇ ಇರುವುದೂ ಕಷ್ಟ.

ಒಂದು ಎಚ್ಚರಿಕೆ ಈ ಭಾಗಕ್ಕೇ ವಿಶೇಷವಾದದ್ದು. 2005, 2019, 2021ರಲ್ಲಿ ಕೃಷ್ಣೆ ಉಕ್ಕಿ ನದಿದಂಡೆಯ ಊರುಗಳಿಗೆ ನೀರು ನುಗ್ಗಿತು. ಎಷ್ಟೋ ಗಾಡಿಗಳು ನೀರಲ್ಲಿ ಮುಳುಗಿ ನಿಂತವು. ಹೊರಗೆ ಹೊಸ ಬಣ್ಣ ಹೊಡೆದರೂ ಚಾಸಿಯ ಪೆಟ್ಟಿಗೆಯೊಳಗೆ, ಬಾಗಿಲಿನ ತಳದಲ್ಲಿ, ಮೀಟರಿನ ಹಿಂದೆ ನುಣ್ಣನೆಯ ಒಣ ಕೆಸರು ಕೂತಿರುತ್ತದೆ. ಬೆರಳು ಹಾಕಿ ನೋಡಬೇಕು. ಹಾಗೆ ಮುಳುಗದ ಗಾಡಿಗಳ ಮಟ್ಟಿಗೆ ಅಥಣಿ, ರಾಯಬಾಗದ ಒಣ ಹವೆ ದೊಡ್ಡ ಉಪಕಾರ ಮಾಡಿದೆ. ಕರಾವಳಿಯ ಮಳೆ-ಉಪ್ಪುಗಾಳಿಯಲ್ಲಿ ಜಾಲರಿಯಾಗಿ ಹೋಗುವ ತಗಡು ಇಲ್ಲಿ ಬೇವಿನ ಮರದ ಕೆಳಗೆ ಇಪ್ಪತ್ತು ವರ್ಷ ನಿಂತರೂ ತಗಡಾಗಿಯೇ ಇರುತ್ತದೆ.

ಗ್ಯಾರೇಜಿನಲ್ಲಿ

ವರ್ಷಗಟ್ಟಲೆ ನಿಂತ ಗಾಡಿಗೆ ಬ್ಯಾಟರಿ ಹಚ್ಚಿ ಸ್ಟಾರ್ಟರ್ ಹೊಡೆಯುವುದು ಹೊಸಬರು ಮಾಡುವ ಮೊದಲ ತಪ್ಪು. ಪಿಸ್ಟನ್ನಿನ ರಿಂಗುಗಳು ಸಿಲಿಂಡರಿಗೆ ಕಚ್ಚಿಕೊಂಡಿರುತ್ತವೆ. ಬಲವಂತ ಮಾಡಿದರೆ ರಿಂಗು ಮುರಿಯುತ್ತದೆ, ಗೋಡೆಗೆ ಗೀರು ಬೀಳುತ್ತದೆ. ತಿಳಿದ ಮಿಸ್ತ್ರಿ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿ ಸಿಲಿಂಡರಿನೊಳಗೆ ಡೀಸೆಲ್ ಮತ್ತು ಆಯಿಲ್ ಬೆರೆಸಿ ಸುರಿದು ಕೆಲವು ದಿನ ಬಿಟ್ಟುಬಿಡುತ್ತಾನೆ. ಆಮೇಲೆ ಮುಂದಿನಿಂದ ಹ್ಯಾಂಡಲ್ ಹಾಕಿ ಒಂದು ಕೂದಲೆಳೆಯಷ್ಟು ಮುಂದೆ, ಒಂದು ಕೂದಲೆಳೆಯಷ್ಟು ಹಿಂದೆ. ತಾಳ್ಮೆ ಇಲ್ಲದವನು ಈ ಕೆಲಸಕ್ಕೆ ಬರಬಾರದು.

ಎಂಜಿನ್ ಬಿಚ್ಚಿದ ಮೇಲೆ ಸಿಲಿಂಡರ್ ಸವೆದಿದ್ದರೆ ಬೋರಿಂಗ್. ಹಳೆಯ ಎಂಜಿನ್ನುಗಳ ಅಳತೆ ಇಂಚಿನಲ್ಲಿ. ಇಂಚಿನ ಸಾವಿರದಲ್ಲಿ ಹತ್ತು, ಇಪ್ಪತ್ತು, ಮೂವತ್ತು ಪಾಲು ದೊಡ್ಡದು ಮಾಡಿ ಅದೇ ಸೈಜಿನ ಪಿಸ್ಟನ್ ಹಾಕುತ್ತಾರೆ. ‘ಇಪ್ಪತ್ತು ಆಗೇತಿ’ ಎಂದರೆ ಒಮ್ಮೆಯೋ ಎರಡು ಸಲವೋ ಬಿಚ್ಚಿದ ಎಂಜಿನ್ ಎಂದು ಅರ್ಥ. ಕೊನೆಯ ಸೈಜೂ ಮುಗಿದಿದ್ದರೆ ಹೊಸ ಸ್ಲೀವ್ ಕೂರಿಸಿ ಮತ್ತೆ ಮೊದಲ ಅಳತೆಗೆ ತರುವುದು. ಇಂಥ ಕೆಲಸಕ್ಕೆ ಈ ಐದು ತಾಲೂಕಿನವರು ದೂರ ಹೋಗಬೇಕಿಲ್ಲ: ದಕ್ಷಿಣಕ್ಕೆ ಬೆಳಗಾವಿಯ ಉದ್ಯಮಬಾಗ, ಉತ್ತರಕ್ಕೆ ಕೊಲ್ಲಾಪುರದ ಉದ್ಯಮನಗರ. ಎರಡರಲ್ಲೂ ಫೌಂಡ್ರಿ, ಲೇಥ್, ಗ್ರೈಂಡಿಂಗ್ ಎಲ್ಲ ಸಿಗುತ್ತವೆ. ಕಂಪನಿ ಮುಚ್ಚಿ ನಾಲ್ಕು ದಶಕವಾದ ಗಾಡಿಯ ಬುಷ್ ಬೇಕೆಂದರೂ ಹಳೆಯದನ್ನು ಮಾದರಿಯಾಗಿ ಕೊಟ್ಟರೆ ಎರಕ ಹೊಯ್ದು ಕಡೆದು ಕೊಡುವವರಿದ್ದಾರೆ. ಈ ಭಾಗಕ್ಕೆ ಯಂತ್ರದ ನಂಟು ಹೊಸತೇನಲ್ಲ. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು, ಮುಂದೆ ಕಬ್ಬಿಣದ ನೇಗಿಲು ಮಾಡಿದರು, 1910ರಲ್ಲಿ ಈಗ ಸಾಂಗಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿ ಕಟ್ಟಿದರು.

ಲಾರಿ, ಜೀಪಿನ ಚಾಸಿಯ ಬಗ್ಗೆ ಎರಡು ಮಾತು. ಏಣಿಯಂತಿರುವ ಈ ಚಾಸಿಯ ಅಡ್ಡಪಟ್ಟಿಗಳನ್ನು ಲಾರಿಗಳಲ್ಲಿ ಹೆಚ್ಚಾಗಿ ರಿವೆಟ್ ಹೊಡೆದು ಕೂಡಿಸಿರುತ್ತಾರೆ. ಭಾರಕ್ಕೆ ಚೂರು ಮಣಿದು ಮತ್ತೆ ನೆಟ್ಟಗಾಗಲಿ ಎಂದೇ ಹಾಗೆ. ಸಡಿಲವಾಯಿತೆಂದು ಅಲ್ಲಿ ವೆಲ್ಡಿಂಗ್ ಎಳೆದರೆ ಪಕ್ಕದ ಕಬ್ಬಿಣ ಕಾದು ಗಡಸಾಗಿ, ಮುಂದೊಂದು ದಿನ ವೆಲ್ಡಿಂಗಿನ ಬದಿಗೇ ಬಿರುಕು ಬಿಡುತ್ತದೆ. ಪಾಟಾ, ಅಂದರೆ ಕಮಾನು ಪಟ್ಟಿಗಳನ್ನು ಬಿಚ್ಚಿ ತುಕ್ಕು ಉಜ್ಜಿ ಗ್ರೀಸು ಸವರಿ ಮತ್ತೆ ಕಟ್ಟಿದರೆ ಮುದಿ ಜೀಪು ಕೂಡ ಮೆತ್ತಗೆ ನಡೆಯುತ್ತದೆ. ಹಳೆಯ ಲಾರಿಗಳ ಕ್ಯಾಬಿನ್ನು ಮರದ ಚೌಕಟ್ಟಿಗೆ ತಗಡು ಹೊಡೆದದ್ದು; ಕಂಪನಿಯಿಂದ ಬರುತ್ತಿದ್ದುದು ಬರೀ ಚಾಸಿ, ಮೈ ಕಟ್ಟುತ್ತಿದ್ದವರು ಬಡಿಗರು. ಹಾಗಾಗಿ ಹಳೆಯ ಲಾರಿ ಉಳಿಸುವವನಿಗೆ ಮಿಸ್ತ್ರಿಯಷ್ಟೇ ಬಡಿಗನೂ ಬೇಕು. ಕೊನೆಗೆ ಪೇಂಟರ್. ಕ್ಯಾಬಿನ್ನಿನ ನೆತ್ತಿಯ ಮೇಲೆ ಮಾಯಕ್ಕಾದೇವಿಯೋ ಅಪ್ಪಾಚಿವಾಡಿ-ಕುರ್ಲಿಯ ಹಾಲಸಿದ್ಧನಾಥನೋ ‘ಪ್ರಸನ್ನ’ ಆಗದೆ ಗಾಡಿ ಹೊರಗೆ ಬೀಳುವುದಿಲ್ಲ.

ಕಬ್ಬು ಕಡಿಯುವ ರಬ್ಬರು

2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬೆರೆತಿತ್ತು. ಆ ಎಥೆನಾಲಿನ ಒಂದು ಪಾಲು ಇದೇ ಹೊಲಗಳ ಕಬ್ಬಿನದು. ವಿಚಿತ್ರವೆಂದರೆ ಹಳೆಯ ಪೆಟ್ರೋಲ್ ಜೀಪು, ಫಿಯಟ್, ಅಂಬಾಸಿಡರುಗಳ ರಬ್ಬರು ಸಾಮಾನಿಗೆ ಅದು ಆಗಿಬರುವುದಿಲ್ಲ. ಪೆಟ್ರೋಲ್ ಪಂಪಿನ ಪೊರೆ ಉಬ್ಬುತ್ತದೆ, ಪೈಪು ಬಿರಿಯುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಂತ ಗಾಡಿಯ ಟಾಕಿಯ ತಳದಲ್ಲಿ ನೀರು ಕೂತು ತುಕ್ಕು ಹಿಡಿಯುತ್ತದೆ. ತಾನು ಬೆಳೆದ ಕಬ್ಬು ತನ್ನದೇ ಜೀಪನ್ನು ಕಡಿಯುತ್ತದೆಂದು ರೈತ ನಗುತ್ತಾ ಹೇಳಬಹುದು, ಆದರೆ ಉಪಾಯವನ್ನೂ ಮಾಡಿಕೊಳ್ಳಬೇಕು: ಎಥೆನಾಲ್ ತಡೆಯುವ ಹೊಸ ಪೈಪು, ಪೊರೆ ಹಾಕಿಸುವುದು, ಬಹುಕಾಲ ನಿಲ್ಲಿಸುವುದಿದ್ದರೆ ಟಾಕಿ ಖಾಲಿ ಮಾಡುವುದು. ಸೀಸವಿದ್ದ ಪೆಟ್ರೋಲು 2000ದಲ್ಲಿ ನಿಂತಾಗಲೂ ಹೀಗೇ ಆಗಿತ್ತು. ಆಗ ಸವೆದದ್ದು ವಾಲ್ವಿನ ಸೀಟು.

ಮಾರ್ಪಾಡು ಮತ್ತು ಕಾಯ್ದೆ

ಪೆಟ್ರೋಲಿನ ಖರ್ಚು ತಾಳದೆ ಡೀಸೆಲ್ ಎಂಜಿನ್ ಕೂರಿಸುವುದು ಒಂದು ಕಾಲದಲ್ಲಿ ದೇಶದಾದ್ಯಂತ ನಡೆದ ಕೆಲಸ. ಅಂಬಾಸಿಡರಿಗೆ ಮೆಟಡೋರ್ ಎಂಜಿನ್, ವಿಲ್ಲಿಸ್ ಜೀಪಿಗೆ ಮಹೀಂದ್ರದ ಪ್ಯೂಜೋ ಡೀಸೆಲ್. ಹೀಗಾಗಿ ಹುಟ್ಟಿದಾಗಿನ ಎಂಜಿನ್ ಇರುವ ಹಳೆಯ ಜೀಪು ಸಿಗುವುದು ಅಪರೂಪ. ಈಚಿನ ಹುಡುಗರ ಮಾರ್ಪಾಡು ಬೇರೆ ಬಗೆಯದು: ಅಗಲ ಟೈರು, ಕಬ್ಬಿಣದ ಬಂಪರ್, ಎತ್ತರಿಸಿದ ಪಾಟಾ, ತೆರೆದ ಮೈ. ಪಂಜಾಬಿನ ಅಂಚಿಗಿರುವ ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಇದೇ ಒಂದು ಉದ್ಯಮ. ನಮ್ಮಲ್ಲಿ ಶೃಂಗಾರದ ಹುಚ್ಚು ಜೀಪಿಗಿಂತ ಟ್ರ್ಯಾಕ್ಟರಿಗೇ ಜಾಸ್ತಿ. ಕಬ್ಬಿನ ಹಂಗಾಮಿನ ರಾತ್ರಿ ಎರಡು ಟ್ರಾಲಿ ಎಳೆದು ಹೊರಟ ಟ್ರ್ಯಾಕ್ಟರಿನ ದೀಪ, ಹಾಡು ಒಂದು ಮೈಲಿ ಮೊದಲೇ ಗೊತ್ತಾಗುತ್ತವೆ.

ಕಾಯ್ದೆ ಇದಕ್ಕೆ ಒಪ್ಪುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಆಗಬಹುದು. ಎಂಜಿನ್ ಬದಲಾಗಿದ್ದರೆ ಅದು ಆರ್‌ಸಿಯಲ್ಲಿ ಏರಿರಬೇಕು. ಏರಿಲ್ಲದಿದ್ದರೆ ಗಾಡಿ ಎಷ್ಟೇ ಚೆನ್ನಾಗಿದ್ದರೂ ಕೊಳ್ಳದಿರುವುದು ಲೇಸು.

ವಿಂಟೇಜ್ ಎಂದರೆ

ಮಾತಿನಲ್ಲಿ ಹಳೆಯದೆಲ್ಲ ವಿಂಟೇಜ್. ಬ್ರಿಟಿಷರ ಹಳೆಯ ವಿಂಗಡಣೆಯಲ್ಲಿ 1919ರಿಂದ 1930ರವರೆಗಿನ ಗಾಡಿಗಳಿಗಷ್ಟೇ ಆ ಹೆಸರು. ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ 30 ವರ್ಷ ದಾಟಿದ್ದನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಭಾರತ ಸರ್ಕಾರ 2021ರ ಜುಲೈಯಲ್ಲಿ ತಂದ ನಿಯಮ ಇನ್ನೂ ಬಿಗಿ: ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಚಾಸಿ-ಮೈ-ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು, ಸ್ವಂತ ಬಳಕೆಯ ದ್ವಿಚಕ್ರ ಅಥವಾ ನಾಲ್ಕು ಚಕ್ರದ ವಾಹನವಾಗಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಬಾಳಿಕೆ, ಆಮೇಲೆ ಮರುನೋಂದಣಿಗೆ 5,000. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಮೊದಲೇ ನೋಂದಣಿಯಾದದ್ದಕ್ಕೆ ಹಳೆಯ ನಂಬರೇ ಉಳಿಯಬಹುದು. ಪ್ರದರ್ಶನ, ರ್‍ಯಾಲಿ, ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ, ಇಷ್ಟಕ್ಕೆ ಮಾತ್ರ ರಸ್ತೆಗಿಳಿಸಬಹುದು.

ಈ ನಿಯಮದ ಜರಡಿಯಲ್ಲಿ ನಮ್ಮ ಐದು ತಾಲೂಕಿನ ಗಾಡಿಗಳು ಬಹುಪಾಲು ಸೋರಿಹೋಗುತ್ತವೆ. ಲಾರಿ ಬಾಡಿಗೆಯ ಗಾಡಿ, ಆದ್ದರಿಂದ ಹೊರಗೆ. ಜೀಪಿನ ಎಂಜಿನ್ ಬದಲಾಗಿದೆ, ಅದೂ ಹೊರಗೆ. ದಿನಾ ಹೊಲಕ್ಕೆ ಹೋಗುವುದಂತೂ ಕೇಳುವುದೇ ಬೇಡ. ಅರಮನೆಯ ಕಾರನ್ನು ಮನಸ್ಸಿನಲ್ಲಿಟ್ಟು ಬರೆದ ನಿಯಮ ಇದು; ದುಡಿದ ಗಾಡಿಗೆ ಅದರಲ್ಲಿ ಜಾಗವಿಲ್ಲ ಎಂಬುದು ನನ್ನ ತಕರಾರು.

ಅಂಥವಕ್ಕೆ ಉಳಿದದ್ದು ಸಾಮಾನ್ಯ ದಾರಿ. ಸ್ವಂತ ಬಳಕೆಯ ಗಾಡಿಗೆ 15 ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ನವೀಕರಣ. ಕಾರು, ಜೀಪಿನ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. 2025ರಲ್ಲಿ 20 ವರ್ಷ ಮೀರಿದವಕ್ಕೆ 10,000 ಆಯಿತು. 15 ವರ್ಷವಾದ ಕೂಡಲೇ ಗಾಡಿ ಭಂಗಾರಕ್ಕೆ ಎಂಬ ಮಾತು ಊರಲ್ಲೆಲ್ಲ ಓಡಾಡುತ್ತಿದೆ. ತಪಾಸಣೆಯಲ್ಲಿ ಪಾಸಾದ ಖಾಸಗಿ ಗಾಡಿಗೆ ಕರ್ನಾಟಕದಲ್ಲಿ ಅಂಥ ನಿರ್ಬಂಧವಿಲ್ಲ.

ಹಳೆಯ ಗಾಡಿಯನ್ನು ಪೂರ್ತಿ ಶೃಂಗಾರದಲ್ಲಿ ನೋಡಬೇಕೆಂದರೆ ಹತ್ತಿರದ ಊರು ಕೊಲ್ಲಾಪುರವೇ. 1930ರ ದಶಕದ ಅಲ್ಲಿನ ರಾಜಮನೆತನದ ಮೇಬ್ಯಾಕ್ ಕಾರು ದಸರೆಯ ದಿನ ಹೊರಗೆ ಬರುತ್ತದೆ. ಕರ್ನಾಟಕದಲ್ಲಿ ಧರ್ಮಸ್ಥಳದ ಸಂಗ್ರಹಾಲಯ ಮತ್ತು ಅದೇ ಬಳಗದವರು ಶ್ರೀರಂಗಪಟ್ಟಣದ ಬಳಿ ಕಟ್ಟಿದ ‘ಪಯಣ’ ಇವೆ.

ಗೆಳೆಯನ ಹೆಸರಿನಲ್ಲಿ ಉಳಿದ ಗಾಡಿ

ವ್ಯಾಪಾರವೆಲ್ಲ ಸರಿಯಾಗಿ ಮುಗಿದು, ಚಹಾ ಕುಡಿದು, ಬಾಂಡ್ ಪೇಪರಿನ ಮೇಲೆ ಸಹಿ ಹಾಕಿ, ಆರ್‌ಸಿಯ ಹೆಸರು ಬದಲಿಸದೆ ಬಿಡುವುದು ಗೆಳೆಯರಲ್ಲಿ ಮಾಮೂಲು. ‘ನಮ್ಮವನ ಅದಾನ, ಯಾವಾಗಾರ ಮಾಡಿಸೂಣು.’ ಅಪಘಾತವಾದ ದಿನ ಇದರ ಬೆಲೆ ಗೊತ್ತಾಗುತ್ತದೆ. 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇಷ್ಟೇ: ಗಾಡಿ ಎಷ್ಟು ಕೈ ದಾಟಿದ್ದರೂ ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆ ಅವರದೇ.

ಮಾರಿದವನು ಅದೇ ರಾಜ್ಯದ ಗಾಡಿಯಾದರೆ 14 ದಿನಗಳಲ್ಲಿ, ಬೇರೆ ರಾಜ್ಯದ್ದಾದರೆ 45 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು. ಕೊಂಡವನಿಗೆ 30 ದಿನ. ಫಾರಂ 29, 30 ಹೆಸರು ಬದಲಿಗೆ, 28 ನಿರಾಕ್ಷೇಪಣಾ ಪತ್ರಕ್ಕೆ, 27 ಹೊಸ ರಾಜ್ಯದ ನಂಬರಿಗೆ. ಎಂಎಚ್ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಕೆಎ ನಂಬರು ಪಡೆಯಬೇಕು, ಇಲ್ಲಿಯ ತೆರಿಗೆಯನ್ನೂ ಕಟ್ಟಬೇಕು. ಕೊಲ್ಲಾಪುರದ ನಿರಾಕ್ಷೇಪಣಾ ಪತ್ರ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡದಿರುವುದು ಕೊಳ್ಳುವವನ ಜಾಣತನ. ಅದನ್ನು ಅಪನಂಬಿಕೆ ಎಂದು ತಿಳಿಯದಿರುವುದು ಮಾರುವವನ ದೊಡ್ಡತನ.

ನಿಮ್ಮ ಮನೆಯ ಅಟ್ಟದ ಮೇಲೆ, ಅಜ್ಜನ ಟ್ರಂಕಿನಲ್ಲಿ ಹಳೆಯ ಆರ್‌ಸಿ ಪುಸ್ತಕವೋ ತೆರಿಗೆ ಚೀಟಿಯೋ ಇದ್ದರೆ ರದ್ದಿಯವನಿಗೆ ಹಾಕಬೇಡಿ. ಬೇವಿನ ಮರದ ಕೆಳಗಿನ ಜೀಪಿಗೆ ಎಂಜಿನ್ ಹುಡುಕಬಹುದು, ತಗಡು ಕತ್ತರಿಸಬಹುದು. ಆ ಪುಸ್ತಕವನ್ನು ಯಾವ ಮಿಸ್ತ್ರಿಯೂ ಮಾಡಿಕೊಡಲಾರ.